ಸೂಜಿಗೆ ದಾರ ಪೋಣಿಸುವ ಬೆಳಕು

ಸಂಜೆಯಾದರೆ ತಲೆನೋವು ಎಂದು ದವಾಖಾನೆಗೆ ಬರುತ್ತಿದ್ದ ಒಬ್ಬ ಸಹೋದರಿಗೆ ನಾನು ಮೂರು ತಿಂಗಳು ಔಷಧಿ ಕೊಟ್ಟೆ. ವಯಸ್ಸು 43. ರಕ್ತದೊತ್ತಡ ಸರಿಯಾಗಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ನಾಡಿ ನೋಡಿದೆ, ಊಟ, ನಿದ್ದೆ, ಹೊಟ್ಟೆಯ ಸ್ಥಿತಿ ಎಲ್ಲವನ್ನೂ ಕೇಳಿದೆ, ಇತ್ರೀಫಲ್ ಉಸ್ತುಖುದ್ದೂಸ್ ಬರೆದುಕೊಟ್ಟೆ. ನಾಲ್ಕು ದಿನ ಕಡಿಮೆಯಾದಂತೆ ಆಗಿ ನೋವು ಮತ್ತೆ ಬರುತ್ತಿತ್ತು.

ಒಂದು ರಾತ್ರಿ, ಹಾಸಿಗೆ ಹಿಡಿದಿದ್ದ ಅವರ ಅತ್ತೆಯನ್ನು ನೋಡಲು ಅವರ ಮನೆಗೆ ಹೋಗಬೇಕಾಯಿತು. ಚಹಾ ಬರುವಷ್ಟರಲ್ಲಿ ಆಕೆಯ ಪತಿ ಪಕ್ಕದ ಕೋಣೆಯ ಬಾಗಿಲು ತೆರೆದು, 'ಡಾಕ್ಟರ್ ಸಾಬ್, ಇದು ನಮ್ಮ ಮನೆಯವರ ಕಾರ್ಖಾನೆ' ಎಂದು ಹೆಮ್ಮೆಯಿಂದ ತೋರಿಸಿದರು. ಎಂಟಡಿ ಅಗಲ, ಹತ್ತಡಿ ಉದ್ದದ ಹಳೆಯ ಉಗ್ರಾಣ. ನಡುವೆ ಮರದ ಚೌಕಟ್ಟಿಗೆ ಬಿಗಿದ ಮೆರೂನ್ ರೇಷ್ಮೆ, ಅದರ ಮೇಲೆ ಅರ್ಧ ಮುಗಿದ ಆರಿ ಕಸೂತಿ. ತಂಗಿಯ ಮಗಳ ನಿಕಾಹ್‌ಗೆ ದುಪಟ್ಟಾ ತಯಾರಾಗುತ್ತಿತ್ತು. ಹವ್ಯಾಸಕ್ಕೆಂದು ಕಲಿತ ಕೆಲಸ. ದಿನಕ್ಕೆ ಮೂರು ಗಂಟೆ, ಹೆಚ್ಚಾಗಿ ಇಶಾ ನಮಾಝ್ ಮುಗಿದ ನಂತರ. ಆ ಕೋಣೆಗೆ ಇದ್ದ ದೀಪಗಳು ಎರಡು. ಒಂದು, ಆಕೆ ಕೂರುವ ಜಾಗದ ಬೆನ್ನ ಹಿಂದಿನ ಗೋಡೆಯ ಮೇಲೆ 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್. ಇನ್ನೊಂದು, ಬೆಳಕು ಸಾಲುತ್ತಿಲ್ಲವೆಂದು ಆಕೆ ಹೇಳಿದ ಮೇಲೆ ಪತಿ ಎದುರು ಗೋಡೆಗೆ ಹಾಕಿಸಿದ, ಅಂಗಳಕ್ಕೆ ಬಳಸುವಂಥ ದೊಡ್ಡ ಫೋಕಸ್ ಲೈಟ್.

ನಾನು ಆಕೆಯ ಜಾಗದಲ್ಲಿ ಕುಳಿತು ನೋಡಿದೆ. ಬೆನ್ನ ಹಿಂದಿನ ದೀಪದಿಂದ ನನ್ನದೇ ತಲೆಯ ನೆರಳು ಬಟ್ಟೆಯ ಮೇಲೆ ಬಿದ್ದಿತ್ತು. ಫೋಕಸ್ ಲೈಟ್ ಹಾಕಿದಾಗ ಜರಿಯ ಪ್ರತಿ ಎಳೆಯೂ ಕಣ್ಣಿಗೆ ಚುಚ್ಚಿತು, ತಲೆ ಎತ್ತಿದರೆ ಆ ಲೈಟೇ ಕಣ್ಣಿಗೆ ಹೊಡೆಯಿತು. ಹತ್ತು ನಿಮಿಷಕ್ಕೆ ನನ್ನ ಹುಬ್ಬುಗಳ ನಡುವೆಯೂ ಬಿಗಿತ ಶುರುವಾಯಿತು. ಮೂರು ತಿಂಗಳಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದೇ: 'ಸಂಜೆ ನೀವು ಏನು ಕೆಲಸ ಮಾಡುತ್ತೀರಿ, ಯಾವ ಬೆಳಕಿನಲ್ಲಿ?'

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್ ಮತ್ತು ಟಾಲೆಮಿಯವರ ಕಾಲದಲ್ಲಿ ನಂಬಲಾಗಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಸುಮಾರು ಸಾವಿರ ವರ್ಷಗಳ ಹಿಂದೆ ತಮ್ಮ 'ಕಿತಾಬುಲ್ ಮನಾಝಿರ್'ನಲ್ಲಿ ಇದನ್ನು ತಿರುಗಿಸಿದರು: ಬೆಳಕು ವಸ್ತುವಿನ ಮೇಲೆ ಬಿದ್ದು ಅಲ್ಲಿಂದ ಕಣ್ಣಿಗೆ ಬರುತ್ತದೆ. ಅವರ ವಾದಗಳಲ್ಲೊಂದು ಬಹಳ ಸರಳ. ಪ್ರಖರ ಬೆಳಕನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಹೊರಗಿನಿಂದ ಏನೋ ಒಳಗೆ ಬರುತ್ತಿರುವುದರಿಂದಲೇ ಅದು ನೋಯುತ್ತದೆ. ಆದರೂ ಇಂದಿಗೂ ನಾವು ಕಾಣದಿದ್ದರೆ 'ಕಣ್ಣು ವೀಕ್ ಆಗಿದೆ' ಎನ್ನುತ್ತೇವೆಯೇ ಹೊರತು ಕೋಣೆಯ ಬೆಳಕನ್ನು ಅನುಮಾನಿಸುವುದಿಲ್ಲ. ಕೆಲವರು ಸುರ್ಮಾ ಹಚ್ಚುತ್ತಾರೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಅಂಗಡಿಯಲ್ಲಿ ಸಿಗುವ ಹಲವು ಸುರ್ಮಾಗಳಲ್ಲಿ ಸೀಸ ಪತ್ತೆಯಾಗಿದೆ. ದಣಿದ ಕಣ್ಣಿಗೆ ಅದು ಮದ್ದಲ್ಲ, ಮಕ್ಕಳ ಕಣ್ಣಿಗಂತೂ ಹಚ್ಚಲೇಬಾರದು.

ದೀಪ ಕೊಳ್ಳುವ ಮೊದಲು ಕಣ್ಣಿನ ಪರೀಕ್ಷೆ ಆಗಬೇಕು. ಓದುವ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎನ್ನುತ್ತಾರೆ. ಆ ಹೆಸರಿನಲ್ಲೇ ಉರ್ದುವಿನ 'ಚಾಲೀಸ್' ಇದೆ, ಅಂದರೆ ನಲವತ್ತು. ಆ ವಯಸ್ಸಿನ ಹೊತ್ತಿಗೆ ಕಣ್ಣಿನೊಳಗಿನ ಮಸೂರ ಬಿರುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಮುಂದೆ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. 60 ವರ್ಷದವರ ಅಕ್ಷಿಪಟಕ್ಕೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಮಗಳಿಗೆ ಸಾಕಾಗುವ ದೀಪ ತಾಯಿಗೆ ಸಾಲದಿರುವುದು ಇದೇ ಕಾರಣಕ್ಕೆ. 'ನನಗೆ ಕಾಣುತ್ತದಲ್ಲ, ನಿಮಗೇಕೆ ಕಾಣುವುದಿಲ್ಲ' ಎಂದು ಮಕ್ಕಳು ಅನ್ನಬಾರದು. ಮಂದ ಬೆಳಕಿನಲ್ಲಿ ಹೊಲಿದರೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ ಎಂಬ ಭಯವೂ ಬೇಡ. ದೊಡ್ಡವರ ಕಣ್ಣು ಅದರಿಂದ ಹಾಳಾಗುವುದಿಲ್ಲ, ದಣಿಯುತ್ತದೆ. ಜೊತೆಗೆ ಬಗ್ಗಿ ಬಗ್ಗಿ ನೋಡುವ ಕುತ್ತಿಗೆಯೂ ದಣಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡಬೇಕು. ತಲೆನೋವಿನ ಜೊತೆ ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತಿದ್ದರೆ, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಂಡರೆ, ವಾಂತಿ ಬಂದರೆ, ದೀಪ ಬದಲಿಸುತ್ತ ಕೂರಬೇಡಿ. ಕಣ್ಣಿನೊಳಗಿನ ಒತ್ತಡ ಥಟ್ಟನೆ ಏರುವ ಗ್ಲಾಕೋಮಾ ಹೀಗೆ ಬರುತ್ತದೆ. ಅದೇ ರಾತ್ರಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ನಮ್ಮಂಥವರ ದವಾಖಾನೆಗಲ್ಲ.

ಇನ್ನು ದೀಪದ ಮಾತು. ಅಂಗಡಿಯಲ್ಲಿ ನಾವು ಕೇಳುವುದು ವ್ಯಾಟ್. ವ್ಯಾಟ್ ಎಂದರೆ ದೀಪ ತಿನ್ನುವ ಕರೆಂಟು. ಅದು ಕೊಡುವ ಬೆಳಕನ್ನು ಅಳೆಯುವುದು ಲುಮೆನ್. ಹಳೆಯ 60 ವ್ಯಾಟ್‌ನ ತಂತಿ ಬಲ್ಬು ಕೊಡುತ್ತಿದ್ದುದು ಸುಮಾರು 700 ಲುಮೆನ್. ಒಳ್ಳೆಯ 9 ವ್ಯಾಟ್ ಎಲ್‌ಇಡಿ 800ರಿಂದ 900 ಕೊಡುತ್ತದೆ. ಪೆಟ್ಟಿಗೆಯ ಮೇಲೆ ಲುಮೆನ್ ಮುದ್ರಿಸದ ಬಲ್ಬನ್ನು ಮರಳಿ ಕೊಟ್ಟುಬಿಡಿ. ಆದರೆ ಲುಮೆನ್ ಕೂಡ ಪೂರ್ತಿ ಕತೆ ಹೇಳುವುದಿಲ್ಲ. ನಿಮ್ಮ ಬಟ್ಟೆಯ ಮೇಲೆ, ಪುಸ್ತಕದ ಮೇಲೆ ಬಂದು ಬೀಳುವ ಬೆಳಕು ಎಷ್ಟು ಎಂಬುದೇ ಮುಖ್ಯ. ಅದರ ಅಳತೆ ಲಕ್ಸ್. ಓದುವುದಕ್ಕೆ 300ರಿಂದ 500 ಲಕ್ಸ್ ಸಾಕು. ಹೊಲಿಗೆ, ಕಸೂತಿ, ಖತ್ತಾತಿಯ ಬರವಣಿಗೆ, ಗಡಿಯಾರ ರಿಪೇರಿಯಂಥ ಸೂಕ್ಷ್ಮ ಕೆಲಸಕ್ಕೆ 750ರಿಂದ 1000 ಬೇಕು.

ಆ ಸಹೋದರಿಯ ಕೋಣೆಯ ಲೆಕ್ಕ ನೋಡಿ. 20 ವ್ಯಾಟ್‌ನ ಬ್ಯಾಟನ್ ಹೆಚ್ಚೆಂದರೆ 2000 ಲುಮೆನ್. ಕೋಣೆ 80 ಚದರಡಿ, ಅಂದರೆ ಸುಮಾರು ಏಳೂವರೆ ಚದರ ಮೀಟರ್. ಒಂದು ಹನಿ ಬೆಳಕೂ ಪೋಲಾಗದೆ ನೆಲಕ್ಕೆ ಬಂದರೂ 270 ಲಕ್ಸ್ ದಾಟುವುದಿಲ್ಲ. ಗೋಡೆಗಳು ನುಂಗಿದ್ದನ್ನು ಕಳೆದರೆ ಅದರ ಅರ್ಧ ಸಿಕ್ಕರೆ ಹೆಚ್ಚು. ಅದರ ಮೇಲೆ ತಲೆಯ ನೆರಳು ಬೇರೆ. ಹೀಗೆ ಗೋಡೆಯ ದೀಪಗಳಿಂದಲೇ ಸಾವಿರ ಲಕ್ಸ್ ಬರಿಸಬೇಕಾದರೆ ಏಳೆಂಟು ಬ್ಯಾಟನ್ ಹಾಕಿ ಕೋಣೆಯನ್ನು ಮದುವೆ ಮಂಟಪ ಮಾಡಬೇಕು. ಅದೇ 500ರಿಂದ 600 ಲುಮೆನ್‌ನ, ಕತ್ತು ಬಗ್ಗಿಸಬಹುದಾದ ಒಂದು ಟೇಬಲ್ ಲ್ಯಾಂಪನ್ನು ಬಟ್ಟೆಯಿಂದ ಒಂದೂವರೆ ಅಡಿ ಎತ್ತರದಲ್ಲಿ ಇಟ್ಟರೆ ಎಂಟುನೂರು, ಒಂಬೈನೂರು ಲಕ್ಸ್ ಸಿಗುತ್ತದೆ. ಆರು ವ್ಯಾಟ್‌ನ ಖರ್ಚು! ಅದನ್ನೇ ಮೂರಡಿಗೆ ಏರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು. ದೀಪ ದೊಡ್ಡದು ಮಾಡುವ ಮೊದಲು ಹತ್ತಿರ ತನ್ನಿ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲಿ ಇಡಬೇಕು? ಬಲಗೈಯವರಾದರೆ ದೀಪ ಎಡಗಡೆ, ಸ್ವಲ್ಪ ಮುಂದಕ್ಕೆ, ಎಡಗೈಯವರಿಗೆ ಬಲಗಡೆ. ಇಲ್ಲದಿದ್ದರೆ ಸೂಜಿ ಚುಚ್ಚುವ ಜಾಗದ ಮೇಲೆಯೇ ಕೈಯ ನೆರಳು ಬೀಳುತ್ತದೆ. ದೀಪದ ಮುಚ್ಚಳದ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಕುಳಿತಲ್ಲಿಂದ ಉರಿಯುವ ಎಲ್‌ಇಡಿ ಚುಕ್ಕೆಗಳು ಕಾಣಲೇಬಾರದು. ಅವುಗಳ ಮುಂದೆ ಹಾಲುಬಣ್ಣದ ಹಾಳೆ ಇರುವ ಲ್ಯಾಂಪು ಉತ್ತಮ, ನೆರಳಿನ ಅಂಚು ಮೃದುವಾಗುತ್ತದೆ. ಜರಿ, ಕುಂದನ್, ಕನ್ನಡಿ ಕೆಲಸಕ್ಕೆ ಒಂದೇ ಪ್ರಖರ ದೀಪ ಬೇಡ. ಎರಡು ಮೆದು ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಇಟ್ಟರೆ ಹೊಳಪು ಕಣ್ಣಿಗೆ ಬಾರದೆ ಪಕ್ಕಕ್ಕೆ ಸಿಡಿದುಹೋಗುತ್ತದೆ. ಕೋಣೆಯ ದೊಡ್ಡ ದೀಪವನ್ನು ಆರಿಸಿ ಬರೀ ಟೇಬಲ್ ಲ್ಯಾಂಪಿನಲ್ಲಿ ಕೂರುವ ಅಭ್ಯಾಸ ಹಲವರಿಗಿದೆ, ಅದೂ ತಪ್ಪು. ತಲೆ ಎತ್ತಿದಾಗಲೆಲ್ಲ ಪಾಪೆ ಹಿಗ್ಗಬೇಕು, ಬಗ್ಗಿದಾಗ ಕುಗ್ಗಬೇಕು, ಇದೂ ಕಣ್ಣಿಗೆ ಕೂಲಿ ಕೆಲಸವೇ. ಗೋಡೆಗೆ, ಮುಖ್ಯವಾಗಿ ಚಾವಣಿಗೆ, ಬಿಳಿ ಸುಣ್ಣ ಬಳಿಸಿ. ಬಿಳಿ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತದೆ. ನಮ್ಮ ಮನೆಗಳಲ್ಲಿ ಮೆಚ್ಚಿ ಬಳಿಸುವ ಕಡುಹಸಿರು ಅಷ್ಟು ಉದಾರಿಯಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಪೆಟ್ಟಿಗೆಯ ಮೇಲೆ 3000, 4000, 6500 ಎಂದು ಬರೆದು ಪಕ್ಕದಲ್ಲಿ 'ಕೆ' ಅಕ್ಷರ ಇರುತ್ತದೆ, ಕೆಲ್ವಿನ್ ಎಂದು. 3000 ಎಂದರೆ ಹಳೆಯ ಬಲ್ಬಿನ ಹಳದಿ, 6500 ಎಂದರೆ ನೀಲಿ ಬೆರೆತ ಬಿಳಿ, 4000 ನಡುವಿನದು. ನಮ್ಮ ಅಂಗಡಿಗಳಲ್ಲಿ ಕೇಳದೇ ಕೊಡುವುದು 6500. ಹೆಚ್ಚು ಬೆಳ್ಳಗಿದ್ದರೆ ಹೆಚ್ಚು ಬೆಳಕು ಎಂಬ ಭ್ರಮೆ ಕೊಳ್ಳುವವರಿಗೂ ಇದೆ, ಮಾರುವವರಿಗೂ ಇದೆ. ಹವ್ಯಾಸದ ಕೋಣೆಗೆ ನಾನು ಸೂಚಿಸುವುದು 4000.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಖ್ಯೆ ಸಿಆರ್‌ಐ. ಹಗಲಿನ ಬೆಳಕಿನಲ್ಲಿ ಕಾಣುವ ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ ಅದು. ಬಿಳಿ ಎಲ್‌ಇಡಿಯ ಒಳಗಿರುವುದು ವಾಸ್ತವದಲ್ಲಿ ನೀಲಿ ದೀಪ. ಜಪಾನಿನಲ್ಲಿ ಹುಟ್ಟಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶೂಜಿ ನಕಾಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಆ ನೀಲಿ ದೀಪಕ್ಕಾಗಿಯೇ. ಅದರ ಮೇಲೆ ಹಳದಿ ಸೂಸುವ ಪುಡಿಯ ಲೇಪನವಿರುತ್ತದೆ. ನೀಲಿ ಮತ್ತು ಹಳದಿ ಬೆರೆತು ಬಿಳಿ ಕಾಣುತ್ತದೆ. ಅಗ್ಗದ ದೀಪಗಳಲ್ಲಿ ಈ ಬೆರಕೆಯಲ್ಲಿ ಕೆಂಪು ಕಡಿಮೆ ಇರುತ್ತದೆ. ಹಾಗಾಗಿ ಮೆರೂನ್ ಮತ್ತು ಕಂದು ದಾರ ರಾತ್ರಿ ಒಂದೇ ತರಹ ಕಂಡು, ಬೆಳಿಗ್ಗೆ ಕಿಟಕಿಯ ಬಳಿ ಬೇರೆಯಾಗುತ್ತವೆ. ಆ ಸಹೋದರಿ ಒಂದು ಗೇಣು ಬಳ್ಳಿಯನ್ನು ಹಾಗೆ ಬಿಚ್ಚಿದ್ದರಂತೆ. ಸಾಧಾರಣ ದೀಪದ ಸಿಆರ್‌ಐ 80. ಬಣ್ಣದ ಕೆಲಸಕ್ಕೆ 90 ಅಥವಾ ಮೇಲಿನದನ್ನು ಕೇಳಿ ಪಡೆಯಿರಿ. ಸ್ವಲ್ಪ ದುಬಾರಿ, ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ. ನಾನೂ ಈ ಪಾಠ ತಡವಾಗಿಯೇ ಕಲಿತೆ. ನಾಲಿಗೆಯ ಬಣ್ಣ, ಕಣ್ಣಿನ ಬಿಳಿಭಾಗದ ಹಳದಿ ನೋಡಿ ರೋಗ ಗುರುತಿಸುವ ವಿದ್ಯೆ ನಮ್ಮದು. ಹಳದಿ ದೀಪದ ಕೆಳಗೆ ಕಾಮಾಲೆಯ ತೆಳು ಹಳದಿ ಕಾಣುವುದೇ ಇಲ್ಲ. ಅನುಮಾನ ಬಂದಾಗ ಈಗ ರೋಗಿಯನ್ನು ಕಿಟಕಿಯ ಬಳಿ ಕರೆದು ನೋಡುತ್ತೇನೆ.

ಎಲ್‌ಇಡಿಯ ನೀಲಿ ಬೆಳಕು ಕಣ್ಣು ಸುಡುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಮನೆಯ ದೀಪದ ಮಟ್ಟಿಗೆ ಅದು ಅತಿರೇಕ. ಬರಿಯ ಎಲ್‌ಇಡಿಯನ್ನು ದಿಟ್ಟಿಸಿ ನೋಡಬಾರದು, ಮಗುವಿನ ಕಣ್ಣಿಗೆ ಟಾರ್ಚ್ ಹಿಡಿಯಬಾರದು, ಅಷ್ಟೇ. ನೀಲಿ ತಡೆಯುವ ಕನ್ನಡಕಕ್ಕೆ ಹಣ ಸುರಿಯುವ ಅಗತ್ಯವೂ ಇಲ್ಲ. ನೀಲಿ ಬೆಳಕಿನ ನಿಜವಾದ ತೊಂದರೆ ನಿದ್ದೆಗೆ. ಅದು ಕಣ್ಣಿನ ಮೂಲಕ ಮೆದುಳಿಗೆ 'ಇನ್ನೂ ಹಗಲು' ಎಂದು ಸುಳ್ಳು ಹೇಳಿ, ನಿದ್ದೆ ತರುವ ಮೆಲಟೋನಿನ್ ಸ್ರವಿಸುವುದನ್ನು ತಡಮಾಡುತ್ತದೆ. ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ನಿದ್ದೆ ಮತ್ತು ಎಚ್ಚರವೂ ಒಂದು. ರಾತ್ರಿ ಹನ್ನೆರಡರವರೆಗೆ 6500ರ ಕೆಳಗೆ ಕುಳಿತು, ಮಲಗಿದ ಮೇಲೆ ಹೊರಳಾಡುತ್ತ, ಬೆಳಿಗ್ಗೆ ಫಜ್ರ್‌ಗೆ ಏಳಲಾಗದೆ ನನ್ನ ಬಳಿ ಔಷಧಿ ಕೇಳುವವರಿದ್ದಾರೆ. ಮಲಗುವ ಒಂದು ಗಂಟೆ ಮೊದಲು ಸೂಜಿ ಕೆಳಗಿಡಿ. ರಂಝಾನಿನ ಕೊನೆಯ ವಾರ ಈದ್ ಬಟ್ಟೆ ಹೊಲಿಯುತ್ತ ಸಹ್ರಿವರೆಗೆ ಕೂರುವ ಮನೆಗಳಲ್ಲಿ ಈ ಮಾತು ನಡೆಯುವುದಿಲ್ಲ ಎಂದು ನನಗೂ ಗೊತ್ತು.

ಮಿಣುಕನ್ನು ಕಡೆಗಣಿಸಬೇಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹರಿಯುತ್ತದೆ. ಒಳಗಿನ ಡ್ರೈವರ್ ಕಳಪೆಯಾದರೆ ದೀಪ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ತಲೆಗೆ ಗೊತ್ತಾಗುತ್ತದೆ. ಮೈಗ್ರೇನ್ ಇರುವವರಿಗೆ ಇದು ನೋವಿನ ಕಿಡಿ. ಪರೀಕ್ಷೆ ಸುಲಭ. ದೀಪದ ಕೆಳಗೆ ಒಂದು ಪೆನ್ನನ್ನು ವೇಗವಾಗಿ ಬೀಸಿ. ಒಂದೇ ಮಸುಕಿನಂತೆ ಕಂಡರೆ ಸರಿ, ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ದೀಪ ಬೇಡ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲೂ ತಿಳಿಯುತ್ತದೆ; ಅಂಗಡಿಯಲ್ಲೇ ಹಚ್ಚಿಸಿ ನೋಡಿ. ಜೋರಾಗಿ ಮಿಣುಕುವ ದೀಪದಡಿ ವೇಗವಾಗಿ ತಿರುಗುವ ಹೊಲಿಗೆ ಯಂತ್ರದ ಚಕ್ರ, ಮರಗೆಲಸದ ಲೇತ್ ನಿಂತಂತೆ ಕಾಣಬಹುದು. ಬೆರಳು ಹೋಗುವುದು ಅಂಥ ಗಳಿಗೆಯಲ್ಲೇ.

ಕೊನೆಗೆ ಕರೆಂಟಿನ ಸುರಕ್ಷೆ. ಭಾರತದಲ್ಲಿ ಮಾರುವ ಎಲ್‌ಇಡಿ ಬಲ್ಬಿಗೆ ಬಿಐಎಸ್ ನೋಂದಣಿ ಕಡ್ಡಾಯ. ಐಎಸ್ 16102 ಎಂಬ ಸಂಖ್ಯೆಯ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಆ್ಯಪಿನಲ್ಲಿ ಅದನ್ನು ಹಾಕಿ ನಿಜವೋ ಸುಳ್ಳೋ ನೋಡಬಹುದು. ತಳ್ಳುಗಾಡಿಯ ಬಲ್ಬಿನಲ್ಲಿ ಇದೇನೂ ಇರುವುದಿಲ್ಲ. ಈಗ ಚಾಲ್ತಿಯಲ್ಲಿರುವ ಎಲ್‌ಇಡಿ ಪಟ್ಟಿಗಳಲ್ಲಿ ಅಪಾಯ ಪಟ್ಟಿಗಿಂತ ಅದರ ಅಡಾಪ್ಟರಿನಲ್ಲಿದೆ. ಹೆಸರಿಲ್ಲದ ಅಡಾಪ್ಟರ್ ಬಿಸಿಯಾಗಿ ಕರಗುತ್ತದೆ. ಅದನ್ನು ಬಟ್ಟೆಯ ರಾಶಿಯ ಹಿಂದೆ ಇಡಬೇಡಿ. ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡಿಗೇ ದೀಪ, ಯಂತ್ರ ಎಲ್ಲವನ್ನೂ ತುಂಬಬೇಡಿ. ಎಲ್‌ಇಡಿಯನ್ನು ಫ್ಯಾನಿನ ರೆಗ್ಯುಲೇಟರಿಗೆ ಜೋಡಿಸಬೇಡಿ. ಮೈ ಲೋಹದ್ದಾಗಿದ್ದು ಪಿನ್ ಮೂರಿರುವ ದೀಪಕ್ಕೆ ಅರ್ಥಿಂಗ್ ಇರಲೇಬೇಕು.

ಅರ್ಥಿಂಗ್ ಎಂದಾಗ ಆ ಫೋಕಸ್ ಲೈಟ್ ನೆನಪಾಗುತ್ತದೆ. ಅದರ ಹಸಿರು ತಂತಿಯನ್ನು ಯಾವುದಕ್ಕೂ ಜೋಡಿಸದೆ ಸುತ್ತಿ ಟೇಪು ಹಚ್ಚಿದ್ದರು. ಪೂರ್ತಿ ಲೋಹದ ದೀಪ, ಕೈಗೆಟಕುವ ಎತ್ತರ, ಅದೇ ಕೋಣೆಯಲ್ಲಿ ಮಕ್ಕಳ ಆಟ. ಮರುದಿನವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ಇಳಿಸಿದರು, ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದರು. ಬ್ಯಾಟನ್ ಬೆನ್ನ ಹಿಂದಿನಿಂದ ಚೌಕಟ್ಟಿನ ಎಡಬದಿಯ ಗೋಡೆಗೆ ಬಂತು. ಎರಡು ಟೇಬಲ್ ಲ್ಯಾಂಪು ತಂದರು. ಕಣ್ಣಿನ ವೈದ್ಯರು ಪ್ಲಸ್ 1.25ರ ಚಾಳೀಸು ಬರೆದುಕೊಟ್ಟರು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಇಪ್ಪತ್ತಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಿ, ಕಣ್ಣು ಪಿಳುಕಿಸಿ ಎಂದು ನಾನು ಸೇರಿಸಿದೆ. ಅಷ್ಟು ಪುಟ್ಟ ಕೋಣೆಯಲ್ಲಿ ಇಪ್ಪತ್ತಡಿ ಎಲ್ಲಿಂದ ತರುವುದು ಎಂದು ಆಕೆ ಕೇಳಿದರು. ಬಾಗಿಲು ತೆರೆದಿಟ್ಟರೆ ಅಂಗಳದ ನುಗ್ಗೆಮರ ಕಾಣುತ್ತದೆ. ಅದೇ ಸಾಕು ಎಂದೆ.

ತಲೆನೋವು ಆರು ವಾರಗಳಲ್ಲಿ ಬಹುಮಟ್ಟಿಗೆ ನಿಂತಿತು. ಕನ್ನಡಕದಿಂದಲೋ ದೀಪದಿಂದಲೋ ನಾನು ವಿಂಗಡಿಸಿ ಹೇಳಲಾರೆ, ನನ್ನ ಔಷಧಿಯಿಂದಲ್ಲ ಎಂಬುದಂತೂ ಖಚಿತ. ಅದನ್ನು ಮೊದಲ ವಾರವೇ ನಿಲ್ಲಿಸಿದ್ದೆ. ದುಪಟ್ಟಾ ನಿಕಾಹ್‌ಗೆ ನಾಲ್ಕು ದಿನ ಮುಂಚೆ ಮುಗಿಯಿತು. ಫೋಕಸ್ ಲೈಟ್ ಈಗ ಗೇಟಿನ ಮೇಲಿದೆ, ಅರ್ಥಿಂಗ್ ಸಮೇತ.